ಸಿಂಧನೂರಿನಿಂದ ಲಿಂಗಸುಗೂರಿಗೆ: ನಿಂತು ನೋಡಬೇಕಾದ ಹಾದಿ

ಪ್ರಯಾಣವೇ ಬೇರೆ, ಪ್ರವಾಸವೇ ಬೇರೆ. ಒಂದು ಊರಿನಿಂದ ಹೊರಟು ಇನ್ನೊಂದು ಊರನ್ನು ಮುಟ್ಟಿದರೆ ಪ್ರಯಾಣ ಮುಗಿಯಿತು. ಎರಡು ಊರುಗಳ ನಡುವೆ ಇರುವುದನ್ನು ನಿಂತು ಕಂಡು, ಕಂಡದ್ದನ್ನು ಅರಿತು ಮುಂದುವರಿದರೆ ಅದು ಪ್ರವಾಸ. ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರನ್ನು ಸೇರುವ ದಾರಿಯಲ್ಲಿ ಪ್ರಯಾಣಿಕರಿಗೆ ಕೊರತೆಯಿಲ್ಲ. ಪ್ರವಾಸಿಗರು ಮಾತ್ರ ವಿರಳ. ಬಳ್ಳಾರಿಯ ಕಡೆಯಿಂದ ಕಲಬುರಗಿಯ ಕಡೆಗೆ ಸಾಗುವ ಲಾರಿ, ಬಸ್ಸು, ಕಾರುಗಳು 150ಎ ರಾಷ್ಟ್ರೀಯ ಹೆದ್ದಾರಿಯ ಈ ತುಂಡನ್ನು ಸುಮಾರು ಒಂದು ಗಂಟೆಯಲ್ಲಿ ದಾಟಿಬಿಡುತ್ತವೆ. ಹೆಚ್ಚುಕಡಿಮೆ ಐವತ್ತೈದು ಕಿಲೋಮೀಟರಿನ ಈ ಹಾದಿಯಲ್ಲಿ ವಾಹನಗಳು ನಿಲ್ಲುವುದು ಚಹಕ್ಕೆ, ಇಲ್ಲವೆ ಇಳಿಯುವವರಿಗಾಗಿ. ನೋಡುವುದಕ್ಕೆಂದೇ ನಿಂತವರನ್ನು ಕಂಡರೆ ಊರಿನವರಿಗೇ ಸೋಜಿಗ.

ಇಂಗ್ಲೆಂಡಿನಲ್ಲಿ ಸಾಲಿಸ್ಬರಿಯಿಂದ ಬಾತ್ ನಗರಕ್ಕೆ ಹೋಗುವ ದಾರಿಯೂ ದೊಡ್ಡದೇನಲ್ಲ. ಆದರೆ ಆ ದಾರಿ ಹಿಡಿದವರು ಸ್ಟೋನ್‌ಹೆಂಜಿನ ನಿಲುಗಲ್ಲುಗಳನ್ನು ನೋಡದೆ ಮುಂದೆ ಹೋಗುವುದು ಅಪರೂಪ. ಅಲ್ಲಿ ಕಾಣುವುದೇನು? ಬಯಲಿನಲ್ಲಿ ವೃತ್ತಾಕಾರವಾಗಿ ನಿಂತ ಕೆಲವು ಕಲ್ಲುಗಳು. ಅರಮನೆಯಿಲ್ಲ, ಗೋಪುರವಿಲ್ಲ, ಕೆತ್ತನೆಯ ವೈಭವವಿಲ್ಲ. ಆದರೂ ಜನ ನಿಲ್ಲುತ್ತಾರೆ, ಏಕೆಂದರೆ ಆ ನಾಡು ಆ ಕಲ್ಲುಗಳ ಕಥೆಯನ್ನು ತನ್ನ ಮಕ್ಕಳಿಗೆ ಪಾಠವಾಗಿ, ಹೊರಗಿನವರಿಗೆ ಆಹ್ವಾನವಾಗಿ ಹೇಳುತ್ತ ಬಂದಿದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಲುಮನೆಗಳು ಇಂದಿಗೂ ನಿಂತಿವೆ. ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಅದು ಸೇರಿದ್ದು 2021ರಲ್ಲಿ. ಹೇಳುವವರಿದ್ದರೆ ಕಲ್ಲು ತೀರ್ಥವಾಗುತ್ತದೆ. ಇಲ್ಲದಿದ್ದರೆ ಕಲ್ಲಾಗಿಯೇ ಉಳಿಯುತ್ತದೆ. ಸಿಂಧನೂರು–ಲಿಂಗಸುಗೂರು ಹಾದಿಯ ಕೊರತೆಯೂ ಇದೇ. ಅಲ್ಲಿ ನೋಡತಕ್ಕದ್ದು ಇಲ್ಲವೆಂಬುದು ಸುಳ್ಳು. ನೋಡಿದ್ದನ್ನು ಓದಿ ಹೇಳುವ ಏರ್ಪಾಡು ಇಲ್ಲವೆಂಬುದು ನಿಜ.

ಹಾದಿಯ ಮೊದಲ ನಿಲುಗಡೆ ಸಿಂಧನೂರೇ ಆಗಬೇಕು. ಇಲ್ಲಿ ನೋಡಬೇಕಾದದ್ದು ಕಟ್ಟಡವಲ್ಲ, ಕಾಲುವೆ. 1945ರಲ್ಲಿ ಕೆಲಸ ಮೊದಲಾಗಿ 1953ರ ಹೊತ್ತಿಗೆ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಈ ಸೀಮೆಯ ಮೈಬಣ್ಣವನ್ನೇ ಬದಲಿಸಿತು. ಜೋಳ, ಹತ್ತಿಗಳ ಎರೆಹೊಲ ಬತ್ತದ ಗದ್ದೆಯಾಯಿತು. ಅಕ್ಕಿ ಗಿರಣಿಗಳು ಎದ್ದವು. ಕರಾವಳಿ ಆಂಧ್ರದಿಂದ ಬಂದ ರೈತರು ಹೊಲ ಕೊಂಡು ನೆಲೆ ನಿಂತರು. ಅವರ ಬಿಡಾರಗಳು ‘ಕ್ಯಾಂಪ್’ ಎಂಬ ಹೆಸರನ್ನು ಇಂದಿಗೂ ಹೊತ್ತ ಊರುಗಳಾದವು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಸರಕಾರ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಿತು. ಹೀಗಾಗಿ ಸಿಂಧನೂರಿನ ಸಂತೆಯಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ, ಬಂಗಾಳಿ ನುಡಿಗಳೂ ಕಿವಿಗೆ ಬೀಳುತ್ತವೆ. ಭಾರತ ವಿಭಜನೆಯ ನೋವಿನ ಒಂದು ಎಳೆ ರಾಯಚೂರು ಸೀಮೆಯ ಗದ್ದೆಯ ಬದುವಿನವರೆಗೆ ಹರಿದು ಬಂದಿದೆ ಎಂಬುದನ್ನು ಇತಿಹಾಸದ ಯಾವ ಪಠ್ಯಕ್ಕಿಂತಲೂ ಸ್ಪಷ್ಟವಾಗಿ ಈ ಸಂತೆ ಹೇಳಬಲ್ಲದು.

ಕಾಲುವೆಯ ಕಥೆಯಲ್ಲಿ ಹಿಗ್ಗಿನ ಜೊತೆಗೆ ಕಹಿಯೂ ಇದೆ. ಈ ಯೋಜನೆಯನ್ನು ರೂಪಿಸಿದವರು ಎಣಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳನ್ನು. ಇದ್ದ ನೀರನ್ನು ಹೆಚ್ಚು ಹೊಲಗಳಿಗೆ ಹಂಚಿ ಬರದಿಂದ ಕಾಯಬೇಕೆಂಬುದು ಅವರ ಆಶಯ. ಕಾಲುವೆಯ ಮೇಲ್ಭಾಗದಲ್ಲಿ ಬತ್ತವೇ ಬೆಳೆಯಾಗಿ ನಿಂತಾಗ ಕೊನೆಭಾಗದ ರೈತನಿಗೆ ನೀರು ಕನಸಾಯಿತು. ನೀರು ಹೆಚ್ಚಾದ ಕಡೆ ಸವಳು ಎದ್ದಿತು. 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಮುರಿದು ಕೊಚ್ಚಿಹೋದಾಗ ಈ ಸೀಮೆಯ ಮನೆಮನೆಯಲ್ಲೂ ಮೂಡಿದ ಆತಂಕವನ್ನು ನೆನೆದರೆ, ಒಂದು ಕಬ್ಬಿಣದ ಬಾಗಿಲಿಗೂ ಲಕ್ಷಾಂತರ ಜನರ ಅನ್ನಕ್ಕೂ ಇರುವ ನಂಟು ತಿಳಿಯುತ್ತದೆ. ಕಾಲುವೆಯ ಏರಿಯ ಮೇಲೆ ಹತ್ತು ನಿಮಿಷ ನಿಂತು ಇಷ್ಟನ್ನು ತಿಳಿದುಕೊಂಡವನಿಗೆ ಸಿಂಧನೂರು ಬರಿಯ ಬಸ್ ನಿಲ್ದಾಣವಾಗಿ ಉಳಿಯುವುದಿಲ್ಲ.

ಇದೇ ತಾಲ್ಲೂಕಿನ ಸೋಮಲಾಪುರದ ಸಿದ್ಧಪರ್ವತ, ಅಂದರೆ ಅಂಬಾಮಠ, ಹೆದ್ದಾರಿಯಿಂದ ತುಸು ದೂರ. ಅಲ್ಲಿಯ ಜಾತ್ರೆಗೆ ಸೇರುವ ಜನಸಾಗರವನ್ನು ಬಲ್ಲವರು ಬಹಳ. ಆ ಸ್ಥಳಕ್ಕೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿರುವ ಸ್ಥಾನವನ್ನು ಬಲ್ಲವರು ಕಡಿಮೆ. ನವರಾತ್ರಿಯ ದಿನಗಳಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಪಾರಾಯಣವಾಗುವ ದೇವೀಪುರಾಣವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಚಿದಾನಂದ ಅವಧೂತರ ನೆನಪು ಈ ಬೆಟ್ಟದೊಂದಿಗೆ ಬೆಸೆದುಕೊಂಡಿದೆ. ಕುಮಾರವ್ಯಾಸನನ್ನು ಓದದ ಮನೆಗಳಲ್ಲೂ ಷಟ್ಪದಿಯ ಲಯ ಉಳಿದಿದ್ದರೆ ಅದರಲ್ಲಿ ಇಂಥ ಪುರಾಣಕಾರರ ಪಾಲು ದೊಡ್ಡದು. ಅಕ್ಷರ ಬಾರದ ತಾಯಂದಿರ ಬಾಯಲ್ಲೂ ನೆಲಸಿದ ಕಾವ್ಯವೊಂದರ ನೆಲೆಯನ್ನು ಕಾಣುವುದು ಯಾವ ಕವಿಯ ಸ್ಮಾರಕವನ್ನು ಕಾಣುವುದಕ್ಕಿಂತ ಕಡಿಮೆ?

ಸಿಂಧನೂರನ್ನು ಬಿಟ್ಟು ವಾಯವ್ಯಕ್ಕೆ ಸಾಗಿದಂತೆ ಗದ್ದೆಯ ಹಸುರು ಹಿಂದೆ ಸರಿಯುತ್ತದೆ. ಮಳೆಯನ್ನೇ ನಂಬಿದ ಹೊಲಗಳು ತೆರೆದುಕೊಳ್ಳುತ್ತವೆ. ಹತ್ತಿ, ತೊಗರಿ, ಜೋಳಗಳ ಬಯಲಿನ ನಡುವೆ ಬಂಡೆಗಲ್ಲುಗಳ ಗುಡ್ಡಗಳು ತಲೆಯೆತ್ತುತ್ತವೆ. ನೀರು ಬಂದ ಭೂಮಿಗೂ ಬಾರದ ಭೂಮಿಗೂ ಇರುವ ಅಂತರ ಅರ್ಧ ಗಂಟೆಯ ದಾರಿಯಲ್ಲಿ ಕಣ್ಣಿಗೆ ಕಟ್ಟುತ್ತದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ಸೀಮೆಯ ರೈತರು ಏಕೆ ಹೋರಾಟಕ್ಕೆ ಕುಳಿತರೆಂಬುದಕ್ಕೆ ಈ ಬಯಲೇ ಉತ್ತರ. ಈ ಬಯಲಿನ ನಡುವೆ, ಗುಡ್ಡದ ಬುಡದಲ್ಲಿ ಮಸ್ಕಿ ಇದೆ.

ಮಸ್ಕಿಯ ಹೆಸರನ್ನು ಕೇಳದ ಇತಿಹಾಸದ ವಿದ್ಯಾರ್ಥಿ ದೇಶದಲ್ಲಿಲ್ಲ. ಆದರೆ ಮಸ್ಕಿಯ ಮಹತ್ವವನ್ನು ಹೇಳುವಾಗ ಒಂದು ಉತ್ಪ್ರೇಕ್ಷೆ ವಾಡಿಕೆಯಾಗಿಬಿಟ್ಟಿದೆ. ಅಶೋಕನೆಂಬ ದೊರೆ ಇದ್ದನೆಂಬುದೇ ಮಸ್ಕಿಯ ಶಾಸನದಿಂದ ತಿಳಿಯಿತು ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ, ಸತ್ಯಕ್ಕೆ ಅಂಥ ಅಲಂಕಾರದ ಅಗತ್ಯವೂ ಇಲ್ಲ. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟನ್ನು ಬಿಡಿಸಿದ. ಕಂಬಗಳ ಮೇಲೆ, ಬಂಡೆಗಳ ಮೇಲೆ ಮಾತಾಡುತ್ತಿದ್ದ ಅರಸ ತನ್ನನ್ನು ‘ದೇವಾನಂಪಿಯ ಪಿಯದಸಿ’ ಎಂದು ಕರೆದುಕೊಂಡಿದ್ದ. ದೇವರುಗಳಿಗೆ ಪ್ರಿಯನಾದ ಈ ಪ್ರಿಯದರ್ಶಿ ಯಾರು? ಸಿಂಹಳದ ಬೌದ್ಧ ಗ್ರಂಥಗಳನ್ನು ಓದಿದ್ದ ಜಾರ್ಜ್ ಟರ್ನರ್, ಅಲ್ಲಿ ಅಶೋಕನನ್ನೇ ಈ ಹೆಸರಿನಿಂದ ಕರೆದಿರುವುದನ್ನು ಎತ್ತಿ ತೋರಿಸಿದ. ಹೀಗೆ ಗ್ರಂಥದ ಆಧಾರದ ಮೇಲೆ ಗುರುತು ಹತ್ತಿತ್ತು. ಆದರೆ ಶಾಸನದ ಬಾಯಿಂದಲೇ ಆ ಹೆಸರು ಹೊರಬಂದಿರಲಿಲ್ಲ. ಮುಕ್ಕಾಲು ಶತಮಾನ ಕಳೆದ ಮೇಲೆ, 1915ರಲ್ಲಿ, ಮಸ್ಕಿಯ ಬಂಡೆ ‘ದೇವಾನಂಪಿಯಸ ಅಸೋಕಸ’ ಎಂದು ನುಡಿಯಿತು. ಊಹೆ ಪ್ರಮಾಣವಾಯಿತು. ಮಸ್ಕಿ ಕೊಟ್ಟದ್ದು ಒಬ್ಬ ಅರಸನನ್ನಲ್ಲ. ಆ ಅರಸನ ಬಗೆಗೆ ಕಲ್ಲಿನ ಸಾಕ್ಷ್ಯವನ್ನು. ಚರಿತ್ರೆಯ ಶಾಸ್ತ್ರವನ್ನು ಬಲ್ಲವರಿಗೆ ಈ ಎರಡನೆಯ ಕೊಡುಗೆ ಸಣ್ಣದಲ್ಲ.

ಆ ಬಂಡೆಯನ್ನು ಕಂಡವನು ಶಾಸನಗಳನ್ನು ಹುಡುಕುತ್ತ ಬಂದವನಲ್ಲ. ಅವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ನೆಲದೊಳಗಿನ ಹೊನ್ನಿನ ಜಾಡು ಹಿಡಿದು ನಿಜಾಮರ ಸೀಮೆಯ ಗುಡ್ಡಗಳನ್ನು ಅಲೆಯುತ್ತಿದ್ದವನು. ಅವನು ಕಂಡದ್ದನ್ನು ಓದಿ ವಿದ್ವಲ್ಲೋಕಕ್ಕೆ ತಿಳಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅವರ ಬರಹ ಅದೇ 1915ರಲ್ಲಿ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಬಂತು. ಕಣ್ಣು ಒಬ್ಬನದು, ಓದು ಇನ್ನೊಬ್ಬರದು. ಎರಡೂ ಕೂಡದೆ ಹೋಗಿದ್ದರೆ ಆ ಎಂಟು ಸಾಲುಗಳು ದುರ್ಗದ ಗುಡ್ಡದ ಬಂಡೆಯ ಮರೆಯಲ್ಲಿ ಗೀರುಗಳಾಗಿಯೇ ಉಳಿಯುತ್ತಿದ್ದವು.

ಮಸ್ಕಿಯೊಂದಿಗೆ ಇನ್ನೊಂದು ಸಂಗತಿಯನ್ನೂ ಕೂಡಿಸಿ ಹೇಳಬೇಕು. ಅಶೋಕನ ಹೆಸರನ್ನೇ ಹೊತ್ತ ಧರ್ಮಲಿಪಿಗಳು ಭಾರತದಲ್ಲಿ ಬೆರಳೆಣಿಕೆಯವು. ಮಧ್ಯಪ್ರದೇಶದ ಗುಜರ್ರಾ ಒಂದು. ಉಳಿದ ಮೂರೂ ಕರ್ನಾಟಕದವು: ಮಸ್ಕಿ, ನಿಟ್ಟೂರು, ಉಡೇಗೊಳ. ನಿಟ್ಟೂರು ಮತ್ತು ಉಡೇಗೊಳ ಇರುವುದು ಸಿಂಧನೂರಿನ ದಕ್ಷಿಣಕ್ಕೆ, ತುಂಗಭದ್ರೆಯ ಆಚೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ. ಅಂದರೆ ಇದೇ ಹೆದ್ದಾರಿಯ ಆಸುಪಾಸಿನಲ್ಲಿ, ಒಂದು ಹಗಲಿನಲ್ಲಿ ಹೋಗಿ ಬರಬಹುದಾದ ದೂರದೊಳಗೆ, ಮೂರು ಬಂಡೆಗಳು ಆ ಅರಸನನ್ನು ಹೆಸರು ಹಿಡಿದು ಕರೆಯುತ್ತವೆ. ಪಶ್ಚಿಮಕ್ಕೆ ತಿರುಗಿದರೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳಿವೆ. ಉತ್ತರಕ್ಕೆ ಭೀಮೆಯ ದಡದ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದಲ್ಲಿ, ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಅವನ ಶಿಲ್ಪವೇ ದೊರೆತಿದೆ. ಪಾಟಲಿಪುತ್ರದ ದೊರೆಯ ಹೆಸರನ್ನೂ ರೂಪವನ್ನೂ ಇಷ್ಟು ಒತ್ತಾಗಿ ಕಾಯ್ದಿಟ್ಟುಕೊಂಡ ಸೀಮೆ ಇನ್ನೊಂದಿಲ್ಲ. ಆ ಅರಸನ ಅಜ್ಜ ಚಂದ್ರಗುಪ್ತ ಭದ್ರಬಾಹು ಮುನಿಗಳೊಂದಿಗೆ ಶ್ರವಣಬೆಳಗೊಳಕ್ಕೆ ಬಂದನೆಂಬ ಜೈನ ಪರಂಪರೆಯನ್ನು ಇದರೊಂದಿಗೆ ಇಟ್ಟು ನೋಡಿದರೆ, ಮೌರ್ಯರ ನೆನಪಿನಲ್ಲಿ ಕನ್ನಡನಾಡು ದೂರದ ಅಂಚಾಗಿರಲಿಲ್ಲ ಎಂಬುದು ಮನದಟ್ಟಾಗುತ್ತದೆ. ಅಜ್ಜನ ನೆನಪು ಪರಂಪರೆಯಾಗಿ ಉಳಿಯಿತು, ಮೊಮ್ಮಗನದು ಲಿಪಿಯಾಗಿ.

ಏಕೆ ಇಲ್ಲಿ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಸುವರ್ಣಗಿರಿ ಎಂಬ ಸ್ಥಳದಿಂದ ಆರ್ಯಪುತ್ರನೂ ಮಹಾಮಾತ್ರರೂ ಕಳುಹಿಸಿದ ಆಜ್ಞೆ. ಆ ಸುವರ್ಣಗಿರಿ ಯಾವುದೆಂಬ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಮಸ್ಕಿಗೆ ಹತ್ತಿರದ ಕನಕಗಿರಿ ಎಂದರು, ಕೆಲವರು ಆಂಧ್ರದ ಜೊನ್ನಗಿರಿ ಎಂದರು, ಮಸ್ಕಿಯೇ ಎಂದವರೂ ಇದ್ದಾರೆ. ಯಾವುದೇ ಆಗಲಿ, ಹೆಸರಿನಲ್ಲಿ ಹೊನ್ನು ಇದೆ. ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಶಿಲಾಪಟ್ಟಿ ಎಂದು ಕರೆಯುವ ಈ ನೆಲದಲ್ಲಿಯೂ ಹೊನ್ನು ಇದೆ. ಬೀಡನ್ನನನ್ನು ಈ ಗುಡ್ಡಕ್ಕೆ ಕರೆತಂದ ಚಿನ್ನವೇ ಎರಡು ಸಾವಿರ ವರ್ಷಗಳ ಹಿಂದೆ ಮೌರ್ಯರ ಅಧಿಕಾರಿಗಳನ್ನೂ ಕರೆತಂದಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ಮಸ್ಕಿಯ ಚರಿತ್ರೆ ಅಶೋಕನಿಂದ ಮೊದಲಾಗುವುದೂ ಇಲ್ಲ, ಅವನೊಂದಿಗೆ ಮುಗಿಯುವುದೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಪ್ರಾಚೀನ ನೆಲೆಯನ್ನು ಗುರುತಿಸಿದ್ದ. 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ನವಶಿಲಾ-ತಾಮ್ರಯುಗ, ಬೃಹತ್ ಶಿಲಾಯುಗ, ಆರಂಭಿಕ ಇತಿಹಾಸ ಕಾಲ, ಮಧ್ಯಯುಗ ಎಂಬ ನಾಲ್ಕು ಪದರಗಳು ಒಂದರ ಮೇಲೊಂದು ತೋರಿದವು. ಅಶೋಕನ ಲಿಪಿಕಾರ ಇಲ್ಲಿಗೆ ಬಂದಾಗ ಈ ಗುಡ್ಡದ ಸುತ್ತ ಜನ ಬಾಳಿ ಆಗಲೇ ಸಾವಿರಾರು ವರ್ಷಗಳಾಗಿದ್ದವು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದು ಪಿರಿಯ ಮೊಸಂಗಿ. ಚೋಳ ರಾಜೇಂದ್ರನು ಜಯಸಿಂಹನನ್ನು ಸೋಲಿಸಿದೆನೆಂದು ಹೇಳಿಕೊಳ್ಳುವ ಮುಸಂಗಿ ಇದೇ ಎಂಬ ಅಭಿಪ್ರಾಯವೂ ಇದೆ. ಉಚ್ಚಂಗಿ ಎನ್ನುವವರೂ ಇದ್ದಾರೆ. ಇಷ್ಟೆಲ್ಲ ಪದರಗಳ ಊರು ಇತ್ತೀಚೆಗಷ್ಟೆ ತಾಲ್ಲೂಕು ಕೇಂದ್ರವಾಯಿತು. ಹೆದ್ದಾರಿಯಲ್ಲಿ ಹಾಯ್ದುಹೋಗುವವರಿಗೆ ಅದರ ಪದರಗಳು ಕಾಣುವುದಿಲ್ಲ. ಬಸ್ ನಿಲ್ದಾಣ ಕಾಣುತ್ತದೆ.

ಮಸ್ಕಿಯಿಂದ ಲಿಂಗಸುಗೂರಿಗೆ ಮತ್ತೆ ಅರ್ಧ ಗಂಟೆಯ ದಾರಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೆದ್ದಾರಿಯನ್ನು ಬಿಟ್ಟು ಹೊರಳಬೇಕು. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಹಟ್ಟಿಯದೇ ದೇಶದ ಮುಖ್ಯ ಚಿನ್ನದ ಗಣಿ. ಈಗಿನ ಕಂಪನಿ ಹುಟ್ಟಿದ್ದು 1947ರಲ್ಲಿ, ನಿಜಾಮರ ಆಳ್ವಿಕೆಯ ಕೊನೆಯಲ್ಲಿ. ಗಣಿಯ ಕಥೆ ಅದಕ್ಕಿಂತ ಬಹಳ ಹಿಂದಿನದು. ಯಂತ್ರಗಳು ಬರುವ ಮೊದಲೇ, ಬೆಂಕಿ, ನೀರು, ಉಳಿ, ಸುತ್ತಿಗೆಗಳನ್ನಷ್ಟೇ ನಂಬಿದ ಜನ ಇಲ್ಲಿ 600 ಅಡಿಗೂ ಮಿಕ್ಕಿದ ಆಳಕ್ಕೆ ಇಳಿದಿದ್ದರೆಂಬುದಕ್ಕೆ ಹಳೆಯ ಗಣಿಗುಂಡಿಗಳು ಸಾಕ್ಷಿ. ಬಂಡೆಯನ್ನು ಕಾಯಿಸಿ, ನೀರೆರಚಿ ಬಿರಿಯುವಂತೆ ಮಾಡಿ, ಬುಟ್ಟಿಯಲ್ಲಿ ಹೊತ್ತು ಮೇಲಕ್ಕೆ ತರುವ ಆ ಕೆಲಸದಲ್ಲಿ ಉಸಿರು ಕಟ್ಟಿ ಸತ್ತವರ ಹೆಸರನ್ನು ಯಾವ ಬಂಡೆಯೂ ಬರೆದುಕೊಂಡಿಲ್ಲ. ಮಸ್ಕಿಯಲ್ಲಿ ಅರಸನ ಹೆಸರು ಸಿಕ್ಕಿತು. ಹಟ್ಟಿಯಲ್ಲಿ ಹೆಸರಿಲ್ಲದವರ ಶ್ರಮ ಸಿಕ್ಕಿತು. ಒಂದನ್ನು ಮಾತ್ರ ನೋಡಿದವನು ಚರಿತ್ರೆಯ ಅರ್ಧವನ್ನು ಮಾತ್ರ ನೋಡಿದಂತೆ.

ಲಿಂಗಸುಗೂರಿನಲ್ಲಿ ಬ್ರಿಟಿಷರ ಕಾಲದ ನೆನಪು ಇನ್ನೂ ಆರಿಲ್ಲ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ಛಾವಣಿ ಇಲ್ಲಿತ್ತು. 1905ರ ವರೆಗೆ ಲಿಂಗಸುಗೂರೇ ಒಂದು ಜಿಲ್ಲೆ. ಆ ಬಳಿಕ ಅದು ರಾಯಚೂರಿನಲ್ಲಿ ಕೂಡಿಹೋಯಿತು. ಹತ್ತಿರದ ಮುದಗಲ್ಲಿಗೆ ಹೋದರೆ ಕೃಷ್ಣೆ–ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ಶತಮಾನಗಳ ಕಾಲ ನಡೆದ ಕಾದಾಟದ ಗುರುತು ಕಾಣುತ್ತದೆ. ಬಹಮನಿಯರು, ವಿಜಯನಗರದವರು, ಆದಿಲಶಾಹಿಗಳು ಕೈಯಿಂದ ಕೈಗೆ ಕಸಿದುಕೊಂಡ ಕೋಟೆ ಅದು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳು ಕಾರಣಳೆಂದು ಫೆರಿಶ್ತಾ ಕಥೆ ಹೇಳುತ್ತಾನೆ. ಕಥೆಯಲ್ಲಿ ನಿಜವೆಷ್ಟೋ, ಯುದ್ಧಗಳ ನಿಜವಾದ ಕಾರಣ ಈ ನೆಲದ ಫಲವತ್ತತೆಯೆಂಬುದರಲ್ಲಿ ಸಂದೇಹವಿಲ್ಲ. ಅದೇ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಷ್ಟು ಹಳೆಯ ಕ್ರೈಸ್ತ ನೆಲೆಯಿದೆ. ಅಲ್ಲಿಯ ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಹರಕೆ ಹೊರುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಇರುತ್ತಾರೆ. ಯುದ್ಧ ಮಾಡಿದವರು ಹೋದರು. ಒಟ್ಟಿಗೆ ಹರಕೆ ಹೊತ್ತವರು ಉಳಿದರು. ಮುದಗಲ್ಲಿನ ನೆರೆಯ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನ ದಕ್ಷಿಣ ಭಾರತದ ನವಶಿಲಾಯುಗದ ಅಧ್ಯಯನಕ್ಕೆ ಅಡಿಪಾಯಗಳಲ್ಲೊಂದು. ದನ ಕಾಯುತ್ತಿದ್ದ ಆ ಜನ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳು ಈ ಸೀಮೆಯ ಅತ್ಯಂತ ಹಳೆಯ ಚಿತ್ರಗಳ ಸಾಲಿಗೆ ಸೇರುತ್ತವೆ.

ಹೀಗೆ ಒಂದು ಹಗಲಿನ ದಾರಿಯಲ್ಲಿ ಕಾಲುವೆ, ಕಾವ್ಯ, ಶಾಸನ, ಗಣಿ, ಕೋಟೆ, ಗೂಳಿಯ ಚಿತ್ರ ಎಲ್ಲವೂ ಎದುರಾಗುತ್ತವೆ. ಆದರೂ ಈ ತಾಲ್ಲೂಕುಗಳ ಹೆಸರು ರಾಜಧಾನಿಯಲ್ಲಿ ಕೇಳಿಬರುವುದು ‘ಹಿಂದುಳಿದ’ ಎಂಬ ವಿಶೇಷಣದೊಂದಿಗೆ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿಯ ಪಟ್ಟಿಗಳು, ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ, ಇವು ನ್ಯಾಯವಾಗಿಯೇ ಬಂದವು. ಶಾಲೆ, ಆಸ್ಪತ್ರೆ, ನೌಕರಿಗಳಲ್ಲಿ ಈ ಸೀಮೆಗೆ ಆದ ಅನ್ಯಾಯವನ್ನು ಅಳೆಯಲು ಆ ಮಾತು ಬೇಕು. ಆದರೆ ಅದೊಂದೇ ಮಾತನ್ನು ಕೇಳುತ್ತ ಬೆಳೆದ ಹುಡುಗ ತನ್ನ ಊರನ್ನು ಬಿಟ್ಟುಹೋಗಬೇಕಾದ ಊರೆಂದಷ್ಟೇ ಅರಿಯುತ್ತಾನೆ. ಶಾಲೆಯ ಪ್ರವಾಸವೆಂದರೆ ಮೈಸೂರು, ಬೆಂಗಳೂರು ಎಂದು ತಿಳಿದ ಅವನಿಗೆ, ಮೈಸೂರಿನ ಅರಮನೆಗಿಂತ ಎರಡು ಸಾವಿರ ವರ್ಷ ಹಳೆಯ ಬರಹವೊಂದು ತನ್ನ ಹೊಲದಿಂದ ಕಾಣುವ ಗುಡ್ಡದಲ್ಲಿದೆ ಎಂದು ಹೇಳುವವರು ಬೇಕು.

ಯಾರು ಬರುತ್ತಾರೆ, ಬಂದವರಿಗೆ ಇಲ್ಲಿ ಉಳಿಯುವುದಕ್ಕೇನಿದೆ, ಹಂಪಿ ಇಷ್ಟು ಹತ್ತಿರವಿರುವಾಗ ಮಸ್ಕಿಗೆ ಯಾರು ತಿರುಗುತ್ತಾರೆ ಎಂಬ ಆಕ್ಷೇಪ ಸಹಜ. ಸ್ವಚ್ಛವಾದ ಶೌಚಾಲಯ, ಕುಡಿಯುವ ನೀರು, ನೆರಳು ಇವು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಂಪಿಯೊಂದಿಗಿನ ಹೋಲಿಕೆಯೇ ತಪ್ಪು. ಹಂಪಿ ಕಣ್ಣಿಗೆ ತಾನೇ ಮಾತಾಡುತ್ತದೆ, ಮಸ್ಕಿಯನ್ನು ಓದಿಸಬೇಕು. ಅದಕ್ಕೆ ಬೇಕಾದದ್ದು ಕೋಟಿಗಟ್ಟಲೆ ಹಣದ ಕಾಂಕ್ರೀಟು ಕಮಾನು, ಬಣ್ಣದ ದೀಪ, ಫೋಟೊ ತೆಗೆಸಿಕೊಳ್ಳುವ ಕಟ್ಟೆಗಳಲ್ಲ. ಶಾಸನದ ಎಂಟು ಸಾಲಿನ ಪಾಠ, ಅದರ ಪಕ್ಕದಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದ ಅನುವಾದ, ಬ್ರಾಹ್ಮಿ ಅಕ್ಷರದಿಂದ ಕನ್ನಡ ಅಕ್ಷರ ಹೇಗೆ ಹರಿದು ಬಂತೆಂದು ತೋರಿಸುವ ಒಂದು ಪಟ್ಟಿ ಬೇಕು. ಹಾದಿಯ ಎಲ್ಲ ನಿಲುಗಡೆಗಳನ್ನೂ ಒಂದೇ ಸರಣಿಯಾಗಿ ಕಾಣಿಸುವ ಭೂಪಟ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೆ ಒಂದು ದಿನವಾದರೂ ಬಂಡೆಯ ಬಳಿ ನಿಂತು ಓದಿ ಹೇಳಬಲ್ಲ ಸ್ಥಳೀಯ ತರುಣ ತರುಣಿಯರು ಬೇಕು. ಈ ಮೂರೂ ಊರುಗಳಲ್ಲಿ ಪದವಿ ಕಾಲೇಜುಗಳಿವೆ, ಕನ್ನಡ ಮತ್ತು ಇತಿಹಾಸವನ್ನು ಓದುವ ವಿದ್ಯಾರ್ಥಿಗಳಿದ್ದಾರೆ. ಬ್ರಾಹ್ಮಿಯ ವರ್ಣಮಾಲೆಯನ್ನು ಕಲಿಯಲು ಶ್ರದ್ಧೆಯುಳ್ಳವರಿಗೆ ಕೆಲವು ವಾರಗಳು ಸಾಕು. ಕಲಿತ ವಿದ್ಯೆಗೆ ಊರಿನಲ್ಲಿಯೇ ಗೌರವಧನವೂ ಮರ್ಯಾದೆಯೂ ದೊರೆತರೆ ಅದು ಸಣ್ಣ ಉದ್ಯೋಗವಲ್ಲ.

ತಡ ಮಾಡುವುದರಲ್ಲಿ ಅಪಾಯವೂ ಇದೆ. ಓದು ಬಾರದ ಕಡೆ ಬಂಡೆ ಜಲ್ಲಿಯಾಗುತ್ತದೆ. ಬಳ್ಳಾರಿಯ ಬಳಿಯ ಕುಪ್ಪಗಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಚಿತ್ರಗಳೂ, ತಟ್ಟಿದರೆ ಗಂಟೆಯಂತೆ ನಾದ ಹೊಮ್ಮಿಸುವ ಕಲ್ಲುಗಳೂ ಇವೆ. ಆ ಗುಡ್ಡವನ್ನು ಕಲ್ಲುಗಣಿ ತಿನ್ನುತ್ತ ಬಂದಿತೆಂಬ ಸುದ್ದಿ ಹೊರದೇಶಗಳ ವಿದ್ವತ್ಪತ್ರಿಕೆಗಳವರೆಗೂ ಹೋಯಿತು. ದೋಆಬಿನ ನವಶಿಲಾಯುಗದ ಬೂದಿಗುಡ್ಡಗಳು, ದನಗಳ ಸಗಣಿ ಸುಟ್ಟು ಕಲ್ಲಾದ ಆ ವಿಚಿತ್ರ ರಾಶಿಗಳು, ಗೊಬ್ಬರಕ್ಕೂ ರಸ್ತೆಗೂ ಹೋಗಿ ಕರಗುತ್ತಿವೆ. ಕಲ್ಲು ಒಡೆಯುವವನನ್ನೂ ಬೂದಿ ಹೊರುವವನನ್ನೂ ದೂರಿ ಫಲವಿಲ್ಲ, ಅವನು ಹೊಟ್ಟೆಪಾಡಿನವನು. ಅದರ ಬೆಲೆಯನ್ನು ಅವನಿಗೆ ಹೇಳದವರದು ದೊಡ್ಡ ತಪ್ಪು. ತನ್ನದೆಂದು ಅರಿತ ಊರು ಕಾಯುವಷ್ಟು ಚೆನ್ನಾಗಿ ಯಾವ ಇಲಾಖೆಯ ಬೇಲಿಯೂ ಕಾಯಲಾರದು.

ಮಸ್ಕಿಯ ಶಾಸನದಲ್ಲಿ ಅಶೋಕನು ಹೇಳುವುದು ಬಹಳ ಸರಳವಾದ ಮಾತು. ಧರ್ಮದ ದಾರಿಯಲ್ಲಿ ಶ್ರಮಿಸಿದರೆ ಸಣ್ಣವನೂ ಅದರ ಫಲವನ್ನು ಪಡೆಯಬಲ್ಲ. ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ಎಣಿಸಬಾರದು. ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು. ಹಾಗೆ ನಡೆದರೆ ಇದು ಬಹುಕಾಲ ಬಾಳುತ್ತದೆ, ಒಂದೂವರೆಯಷ್ಟು ಬೆಳೆಯುತ್ತದೆ ಎಂಬುದು ಅದರ ತಾತ್ಪರ್ಯ. ಆ ಶಾಸನವನ್ನು ಬರೆಸಿದವನು ಅದನ್ನು ಅರಮನೆಯ ಭಂಡಾರದಲ್ಲಿ ಇಡಲಿಲ್ಲ. ಜನ ಓಡಾಡುವ ನಾಡಿನ ಗುಡ್ಡದ ಮೇಲೆ, ಜನರಾಡುವ ಮಾತಿಗೆ ಹತ್ತಿರದ ಪ್ರಾಕೃತದಲ್ಲಿ ಕೆತ್ತಿಸಿದನು. ಪ್ರಾಕೃತ ತಿಳಿಯದ ಕನ್ನಡ ಸೀಮೆಯಲ್ಲಿ ಅದನ್ನು ಓದಿ ಹೇಳುವ ಅಧಿಕಾರಿಗಳು ಅಂದೂ ಬೇಕಾಗಿದ್ದರು. ಆ ಕೆಲಸ ಮುಗಿದುಹೋದದ್ದಲ್ಲ. ಸಣ್ಣವರಿಗೂ ತಿಳಿಸಬೇಕೆಂಬ ಆಜ್ಞೆ ಬಂಡೆಯ ಮೇಲೆ ಹಾಗೆಯೇ ಇದೆ. ಪಾಲಿಸಬೇಕಾದವರು ಈಗ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಶಾಲೆ, ಕಾಲೇಜು, ಪುರಸಭೆಗಳಲ್ಲಿದ್ದಾರೆ.